ಗುಳುಗುಳು ನಿಂತಾಗ

ನನ್ನ ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಕುಳಿ ಬೀಳುತ್ತಿತ್ತು. ತಿಕೋಟಾದಿಂದ ಅಂಬ್ಯುಲೆನ್ಸಿನಲ್ಲಿ ವಿಜಯಪುರಕ್ಕೆ ತರುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಆಸ್ಪತ್ರೆಯಲ್ಲಿ ಉಸಿರಾಟಕ್ಕೆಂದು ಗಂಟಲೊಳಗೆ ಏನೂ ಇಳಿಸಲಿಲ್ಲ. ಮೂಗಿಗೆ ಎರಡು ಸಣ್ಣ ನಳಿಗೆ ಇಟ್ಟು, ಕೆನ್ನೆಗೆ ಪಟ್ಟಿ ಅಂಟಿಸಿ, ಗಾಳಿ ಬಿಟ್ಟರು. ಆ ನಳಿಗೆಗೆ ಜೋಡಿಸಿದ ಕೊಳವೆಯ ಇನ್ನೊಂದು ತುದಿ ಒಂದು ನೀರಿನ ಬಾಟಲಿಯಲ್ಲಿ ಮುಳುಗಿತ್ತು. ಸಾಯುವಂತಿರುವ ಕೂಸಿಗೆ ಒಂದು ಬಾಟಲಿಯೇ ಎಂದು ನನಗೆ ಸಿಟ್ಟು ಬಂತು.

"ನೀರು ಗುಳುಗುಳು ಅನ್ನಾಕತ್ತಿತಂದ್ರ ಕೂಸಿನ ಎದಿಗೆ ಗಾಳಿ ಸಿಗಾಕತ್ತೈತಿ ಅಂತ ತಿಳಕೋರಿ. ನಿಂತ್ರ ನನ್ನ ಕೂಗ್ರಿ," ಎಂದರು ನರ್ಸ್.

ಅಲ್ಲಿಂದ ನನಗೆ ಅದೇ ಕೆಲಸ. ಊಟಕ್ಕೆ ಕೂತರೂ ಕಿವಿ ಬಾಟಲಿಯ ಕಡೆ. ಪಕ್ಕದ ಬಾಣಂತಿ ಪಾಪ ಊರು ಯಾವುದೆಂದು ಕೇಳಿದರೆ, "ಸುಮ್ಕಿರ್ರಿ," ಎಂದು ಗದರಿಬಿಟ್ಟೆ.

ಮರುದಿನ ಕಾಖಂಡಕಿಯಿಂದ ನಮ್ಮತ್ತೆ ಬಂದರು. ದೀಪದ ಮಸಿಗೆ ಔಡಲೆಣ್ಣೆ ಕಲಸಿ ತಾವೇ ಮಾಡಿದ ಕಾಡಿಗೆಯ ಡಬ್ಬಿ ಸೊಂಟದಲ್ಲಿತ್ತು. "ಗಾಜಿನಾಗಿಂದ ಊರ ಮಂದಿಯೆಲ್ಲಾ ನೋಡಾಕತ್ತಾರ. ದೃಷ್ಟಿಬೊಟ್ಟಿಲ್ಲದ ಕೂಸಿನ್ನ ಹಿಂಗ ಮಲಗಸ್ತಾರೇನ ಬೇ?" ಎಂದರು. ನಾನು ಹಾಲಿನ ಬಟ್ಟಲು ತೊಳೆಯಲು ಅತ್ತ ತಿರುಗಿದ್ದೇ ತಡ, ಕೆನ್ನೆಯ ಪಟ್ಟಿಯನ್ನು ತುಸು ಎತ್ತಿ, ಬೊಟ್ಟಿಟ್ಟು, ಮತ್ತೆ ಒತ್ತಿದರು. ಎಣ್ಣೆಯ ಮೇಲೆ ಪಟ್ಟಿ ನಿಲ್ಲುತ್ತದೆಯೇ? ಜಾರಿತು. ನಳಿಗೆ ಮೂಗಿನಿಂದ ಹೊರಬಂತು.

ಗುಳುಗುಳು ನಿಂತಿತು.

"ಸಿಸ್ಟರ್, ನಿಂತೈತ್ರೀ!" ಎಂದು ಚೀರಿದೆ. ಮಗಳ ತುಟಿ ನೀಲಿಗಟ್ಟುತ್ತಿತ್ತು. ನರ್ಸ್ ಓಡಿಬಂದು ಕೆನ್ನೆ ಒರೆಸಿ, ನಳಿಗೆ ಕೂರಿಸಿ, ಹೊಸ ಪಟ್ಟಿ ಅಂಟಿಸಿ, ಗದ್ದ ಎತ್ತಿ ಹಿಡಿದರು. ಬಾಟಲಿ ಸುಮ್ಮನಿತ್ತು. ಆಮೇಲೆ ಒಂದು ಗುಳ್ಳೆ. ಇನ್ನೊಂದು. ನಂತರ ಮೊದಲಿನಂತೆಯೇ ಸದ್ದು.

"ಮಂದಿ ಕಣ್ಣಿಗಲ್ಲ, ನಿಮ್ಮ ಬೊಟ್ಟಿಗೇ ಹೋಗ್ತಿದ್ಲ ನನ್ನ ಮಗಳು!" ಎಂದು ಅತ್ತೆಗೆ ಅಂದುಬಿಟ್ಟೆ. ಅವರು ಗೋಡೆಗೆ ಒರಗಿ ಕೂತರು. "ಕೆಟ್ಟದ್ದಕ್ಕ ಮಾಡಲಿಲ್ಲ ಯವ್ವಾ," ಎಂದಷ್ಟೇ ಹೇಳಿದರು.

"ನಳಿಗಿ ತಗದ ಮ್ಯಾಲ ಬೊಟ್ಟು ಅಂಗಾಲಿಗೆ ಹಚ್ರಿ ಆಯಿ," ಎಂದರು ನರ್ಸ್.

ಅಂದಿನಿಂದ ಬಾಟಲಿಯ ಒಂದು ಕಡೆ ನಾನು, ಇನ್ನೊಂದು ಕಡೆ ಅತ್ತೆ. ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ನಾನು ತೂಕಡಿಸಿದರೆ ಅವರು ಆ ಸದ್ದು ಕೇಳಿಸಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ನಾವಿಬ್ಬರೂ ಚಹಾ ಕುಡಿದು ಒಳಗೆ ಬಂದರೆ ಸದ್ದೇ ಇಲ್ಲ. "ನಿಂತೈತಿ!" ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು.

ನರ್ಸ್ ನಕ್ಕರು. "ನಳಿಗಿ ತಗದು ನಾನೇ ನಿಲ್ಲಿಸೇನ್ರಿ. ಬಾಟ್ಲಿ ಬಿಟ್ಟು ಕೂಸಿನ ಹೊಟ್ಟಿ ನೋಡ್ರಿ."

ಅಂಗೈಯಷ್ಟು ಹೊಟ್ಟೆ ತಾನಾಗಿಯೇ ಏರುತ್ತಿತ್ತು, ಇಳಿಯುತ್ತಿತ್ತು. ಕುಳಿ ಬೀಳಲಿಲ್ಲ. ಆದರೂ ನನಗೆ ನಂಬಿಕೆ ಬರಲಿಲ್ಲ. ಒಂದು ಉಸಿರು ಬಂದರೆ ಮುಂದಿನದು ಬರುತ್ತದೋ ಇಲ್ಲವೋ ಎಂದು ಕಾಯುತ್ತ ನಿಂತೆ. ಅತ್ತೆಯ ಕೈ ಸೊಂಟದ ಡಬ್ಬಿಗೆ ಹೋಯಿತು. ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು.

ನಾನು ಬಟ್ಟೆ ಸರಿಸಿ, ಮಗಳ ಅಂಗಾಲನ್ನು ಅವರತ್ತ ಹಿಡಿದೆ.