ಚಾಕಿ ಮನೆಯ ಚಿತ್ರ ಹಿಡಿದು ಸಾದಲಿಗೆ

ಗೌರಿಬಿದನೂರಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದೆ. ಚಿಕ್ಕಬಳ್ಳಾಪುರಕ್ಕೆ ಇಪ್ಪತ್ತು ರೂಪಾಯಿ. ಕಿಟಕಿಯ ಗಾಜು ಸರಿಯಾಗಿ ಮುಚ್ಚುತ್ತಿರಲಿಲ್ಲ. ಮಾಘದ ಚಳಿ ಕಿವಿ ಕೊರೆಯುತ್ತಿತ್ತು.

ಹಿಂದಿನ ಸಂಜೆ ದಿಬ್ಬೂರಹಳ್ಳಿಯ ರತ್ನಮ್ಮನವರು ಫೋನ್ ಮಾಡಿದ್ದರು. "ಸಾರ್, ನೀವು ಕಂಪ್ಯೂಟರ್‌ಗೆ ಹಾಕಿದ್ ಮೇಲೆ ಸಾದಲಿ ಕಡೆಯೋರು ಒಬ್ರೂ ಬರ್ತಿಲ್ಲ. ಹುಳ ಎರಡನೇ ಜ್ವರಕ್ಕೆ ಕೂತಿವೆ. ನಾಡಿದ್ದು ಎದ್ದೇಳ್ತವೆ. ಅಷ್ಟೊತ್ಗೆ ತಗೊಂಡ್ಹೋಗೋರು ಇಲ್ದಿದ್ರೆ ತಿಪ್ಪೆಗೆ ಸುರೀಬೇಕು."

ರತ್ನಮ್ಮನವರದು ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆ ತಂದು, ಮರಿಹುಳುಗಳನ್ನು ಎರಡು ಜ್ವರ ದಾಟುವವರೆಗೆ ಸಾಕಿ ರೈತರಿಗೆ ಮಾರುತ್ತಾರೆ. ಪೊರೆ ಕಳಚುವ ಮುನ್ನ ಹುಳು ಮೇವು ಬಿಟ್ಟು ಮಲಗುವುದಕ್ಕೆ ಇಲ್ಲಿ ಜ್ವರವೆಂದು ಹೆಸರು. ಎದ್ದ ಮೇಲೆ ಅವುಗಳ ಹಸಿವಿಗೆ ಮಿತಿಯಿಲ್ಲ. ಅವರ ಅರ್ಧ ಎಕರೆ ಹಿಪ್ಪುನೇರಳೆ ಸೊಪ್ಪು ಒಂದು ದಿನಕ್ಕೂ ಸಾಲದು.

ನಮ್ಮ ಹೊಸ ಜಿಲ್ಲೆಯ ಸಣ್ಣ ಉದ್ದಿಮೆಗಳು ದಲ್ಲಾಳಿಗಳ ಹಂಗಿಲ್ಲದೆ ಗಿರಾಕಿಗಳನ್ನು ತಲುಪಬೇಕೆಂಬುದು ನನ್ನ ಮತ್ತು ಇಬ್ಬರು ಗೆಳೆಯರ ಸಂಕಲ್ಪವಾಗಿತ್ತು. ಕಾಲೇಜು ವಿದ್ಯಾರ್ಥಿಗಳು ಸೈಬರ್ ಸೆಂಟರುಗಳಲ್ಲಿ ಮುಗಿಬಿದ್ದು ನೋಡುತ್ತಿದ್ದ ಗೆಳೆಯರ ತಾಣವೊಂದರಲ್ಲಿ ಇದಕ್ಕಾಗಿಯೇ ಒಂದು ಬಳಗವನ್ನು ತೆರೆದಿದ್ದೆವು. ಅದರಲ್ಲಿ ಮೊದಲು ಪರಿಚಯಿಸಿದ್ದು ರತ್ನಮ್ಮನವರ ಕೇಂದ್ರವನ್ನೇ. ಹೀಗಿರುವಾಗ ಗಿರಾಕಿಗಳು ಕಡಿಮೆಯಾದರೆಂದರೆ ಯಾರೋ ಕಡಿಮೆ ಮಾಡಿಸಿರಬೇಕು. ಇದರಿಂದ ಲಾಭ ಯಾರಿಗೆ? ಚಿಂತಾಮಣಿ ಕಡೆಯಿಂದ ಚಾಕಿ ತಂದು ಈ ಭಾಗದಲ್ಲಿ ಮಾರುವ ಏಜೆಂಟನೊಬ್ಬನಿದ್ದ. ನನ್ನ ತರ್ಕ ಅವನಲ್ಲಿಗೆ ಹೋಗಿ ನಿಂತಿತು.

ಚಿಕ್ಕಬಳ್ಳಾಪುರದಲ್ಲಿ ಚಿಂತಾಮಣಿ ಬಸ್ಸಿಗೆ ಬದಲಾಯಿಸಿದೆ. ಪಕ್ಕದಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ಕುಳಿತರು.

"ಏಮಪ್ಪಾ, ಯಾವೂರು? ಏನ್ ಕೆಲ್ಸ? ತಿಂಗಳಿಗೆ ಎಷ್ಟು ಬರ್ತದೆ?"

ನಾನು ಎಚ್ಚರಗೊಂಡೆ. "ತಾವು ಯಾವ ಊರಿನವರು?"

"ಚಿಂತಾಮಣಿ."

ಅನುಮಾನ ದೃಢವಾಯಿತು. ಹೋಗುವ ಊರನ್ನೂ ಕೆಲಸವನ್ನೂ ಹೇಳದೆ ಕಿಟಕಿಯ ಕಡೆ ಮುಖ ತಿರುಗಿಸಿದೆ. ಶಿಡ್ಲಘಟ್ಟದಲ್ಲಿ ನಾನು ಇಳಿಯಲು ಎದ್ದಾಗ ಅವರು ಬೇಸರದಿಂದ ಹೇಳಿದರು: "ನಮ್ಮಣ್ಣನ ಮಗಳಿಗೆ ಗಂಡು ನೋಡ್ತಿದ್ವಿ. ಹುಡುಗ ಲಕ್ಷಣವಾಗಿದೀಯ ಅಂತ ಕೇಳ್ದೆ. ಇಷ್ಟು ಗುಮಾನಿ ಇದ್ರೆ ಸಂಸಾರ ಹೆಂಗ್ ಮಾಡ್ತೀಯಪ್ಪಾ?"

ಶಿಡ್ಲಘಟ್ಟದಲ್ಲಿ ಇಡ್ಲಿ ತಿಂದು ಸೈಬರ್ ಸೆಂಟರಿಗೆ ಹೋದೆ. ಅರ್ಧ ಗಂಟೆಗೆ ಹತ್ತು ರೂಪಾಯಿ. ನಮ್ಮ ಪುಟದಲ್ಲಿ ಒಂದೂ ಕಟುನುಡಿ ಇರಲಿಲ್ಲ. ಬೆಂಗಳೂರು, ಮೈಸೂರುಗಳಿಂದ ಹೊಗಳಿಕೆ ಹರಿದುಬಂದಿತ್ತು. ಬರೆದವರಲ್ಲಿ ಹುಳು ಸಾಕುವವರು ಒಬ್ಬರೂ ಇದ್ದಂತೆ ಕಾಣಲಿಲ್ಲ. ಅಲ್ಲಿ ಹಾಕಿದ್ದ ಚಿತ್ರದಲ್ಲಿ ನಾನು ಚಾಕಿ ಮನೆಯೊಳಗೆ ಹುಳುಗಳ ತಟ್ಟೆ ಹಿಡಿದು ನಿಂತಿದ್ದೆ; ಹಿಂದೆ ಗೆಳೆಯನೊಬ್ಬ ನಗುತ್ತಿದ್ದ. ಕೆಳಗೆ ನಾನೇ ಬರೆದ ಸಾಲು: 'ಇಲ್ಲಿ ಮುಚ್ಚುಮರೆಯಿಲ್ಲ, ಬಾಗಿಲು ಎಲ್ಲರಿಗೂ ತೆರೆದಿದೆ.' ಸಾದಲಿಯವರ ಮುಂದೆ ಸಾಕ್ಷಿಯಾಗಿ ಹಿಡಿಯಲು ಅದನ್ನೇ ಬಣ್ಣದಲ್ಲಿ ಮುದ್ರಿಸಿಕೊಂಡೆ.

ಸಾದಲಿ ತಲುಪುವಾಗ ಬಿಸಿಲು ನೆತ್ತಿಗೇರಿತ್ತು. ರತ್ನಮ್ಮನವರ ಹಳೆಯ ಗಿರಾಕಿ ಮುನಿಶಾಮಪ್ಪನವರು ಮನೆಯ ಮುಂದೆ ಸೊಪ್ಪಿನ ಹೊರೆ ಇಳಿಸುತ್ತಿದ್ದರು. ನಾನು ಪೀಠಿಕೆಯಿಲ್ಲದೆ ಕೇಳಿದೆ: "ಆ ಏಜೆಂಟ್ ನಿಮಗೆ ಏನೆಂದು ಹೇಳಿದ?"

"ಯಾವ ಏಜೆಂಟು? ನಮ್ ಕಿವಿಗೆ ಊದೋಕೆ ಅವ್ನ್ಯಾಕೆ ಬೇಕು?" ಅವರು ನನ್ನ ಕೈಯ ಹಾಳೆಯನ್ನು ಕಸಿದುಕೊಂಡರು. "ಇದನ್ನ ನಮ್ ಹುಡುಗಿ ಕಾಲೇಜಿಂದ ತಂದು ತೋರಿಸಿದ್ಲು. ಊರೆಲ್ಲಾ ನೋಡಿದೆ." ಅವರ ಬೆರಳು ಚಿತ್ರದ ಕೆಳಭಾಗಕ್ಕೆ ಇಳಿಯಿತು. "ಇವು ಯಾರ ಕಾಲು?"

ನನ್ನ ಕಾಲುಗಳಲ್ಲಿ ಬೂಟುಗಳಿದ್ದವು.

"ರಸ್ತೆ ಧೂಳೆಲ್ಲಾ ಮೆಟ್ಕೊಂಡು ಚಾಕಿ ಮನೆ ಒಳಗೆ! ಆ ಹುಳ ತಂದು ನಮ್ಮನೇಲಿ ಬಿಟ್ರೆ ರೋಗಾನೂ ಜೊತೇಗೇ ಬರ್ತದೆ. ಬಾಗಿಲು ಎಲ್ರಿಗೂ ತೆರೆದಿರೋದು ಬಸ್ ಸ್ಟ್ಯಾಂಡಲ್ಲಿ ಸಾರ್, ಚಾಕಿ ಮನೇಲಲ್ಲ."

ಚಿತ್ರ ತೆಗೆದ ದಿನ ರತ್ನಮ್ಮನವರು ನಮ್ಮನ್ನು ಜಗಲಿಯ ಮೇಲೆ ಕೂರಿಸಿ ಸೊಪ್ಪು ಕೊಯ್ಯಲು ಹೋಗಿದ್ದರು. ಪರರು ಒಳಗೆ ಹೋಗಬಾರದೆಂಬ ಕಟ್ಟಳೆಯನ್ನು ದೃಷ್ಟಿದೋಷದ ಮೂಢನಂಬಿಕೆಯೆಂದು ತಿಳಿದು ನಾವು ನುಗ್ಗಿದೆವು. ಅವರು ಬಂದು ಗದರಿಸಿ, ಆ ತಟ್ಟೆಯ ಹುಳುಗಳನ್ನೆಲ್ಲ ಹಿತ್ತಿಲಲ್ಲಿ ಹೂಳಿದರು. ಅತಿಯಾಯಿತೆಂದು ನಾವು ದಾರಿಯುದ್ದಕ್ಕೂ ನಕ್ಕಿದ್ದೆವು.

ಇಷ್ಟನ್ನೂ ಬಿಡದೆ ಹೇಳಿದೆ. ಮುನಿಶಾಮಪ್ಪನವರು ಹಾಳೆಯನ್ನು ಮಡಚಿ ಹಿಂದಿರುಗಿಸಿದರು. "ಮಾತು ಚೆನ್ನಾಗಿ ಆಡ್ತೀರ. ಅದಕ್ಕೇ ನಂಬೋಕೆ ಭಯ. ನಡೀರಿ, ನಾನೇ ನೋಡ್ತೀನಿ."

ಅವರ ಮೊಪೆಡ್ಡಿನಲ್ಲಿ ದಿಬ್ಬೂರಹಳ್ಳಿಗೆ ಬಂದೆವು. ಸದ್ದು ಕೇಳಿ ರತ್ನಮ್ಮನವರು ಹೊರಬಂದು, ಹಿಂದೆಯೇ ಬಾಗಿಲೆಳೆದು ಅಗುಳಿ ಹಾಕಿದರು.

"ಅಲ್ಲೇ ನಿಂತ್ಕೊಳ್ಳಿ ಅಣ್ಣಾ."

"ಕಾಸು ಕೊಟ್ಟು ತಗೊಳ್ಳೋನು ನಾನಮ್ಮ. ಒಳಗೆ ಬಂದು ನೋಡ್ಬಾರ್ದಾ?"

"ಹೋದ ಬೆಳೆಗೆ ನಿಮ್ಮನೇಲಿ ಹುಳಕ್ಕೆ ಸುಣ್ಣಕಟ್ಟು ರೋಗ ಬಂದಿತ್ತಂತೆ. ಗೊತ್ತಿದ್ದೂ ಹೆಂಗ್ ಬಿಡ್ಲಿ? ಬೇರೆಯೋರ ಹುಳಾನೂ ಒಳಗಿವೆ."

"ಬಿಡ್ದಿದ್ರೆ ನಾನ್ ತಗೊಳ್ಳಲ್ಲ."

"ಬೇಡ ಬಿಡಿ." ಅವರ ಕೈ ಅಗುಳಿಯ ಮೇಲೇ ಇತ್ತು. "ತಿಪ್ಪೆಗೆ ಬೇಕಾದ್ರೆ ಸುರೀತೀನಿ."

ನಾನು ಬಾಯಿ ಹಾಕಲು ಹೊರಟೆ. ಮುನಿಶಾಮಪ್ಪನವರು ಕೈಯೆತ್ತಿ ತಡೆದರು. ಆಮೇಲೆ ಮೊಪೆಡ್ಡಿನ ಕಡೆ ನಡೆಯುತ್ತಲೇ ಹೇಳಿದರು: "ನಾಳೆ ಬೆಳಿಗ್ಗೆ ಬರ್ತೀನಿ. ನನ್ನ ಪಾಲಿನ ಹುಳ ಆಚೆ ತಂದಿಟ್ಟಿರಮ್ಮ. ಮಿಕ್ಕೋರ್ಗೂ ಹೇಳ್ತೀನಿ. ತಗೊಂತಾರೋ ಬಿಡ್ತಾರೋ, ನಂಗೊತ್ತಿಲ್ಲ."

ಅವರು ಹೋದ ಮೇಲೆ, ಚಿತ್ರವನ್ನು ಇಂದೇ ತೆಗೆಯುವೆನೆಂದೂ ಆದದ್ದನ್ನು ಅಲ್ಲಿಯೇ ಬರೆಯುವೆನೆಂದೂ ರತ್ನಮ್ಮನವರಿಗೆ ಮಾತು ಕೊಟ್ಟೆ. "ಬರೆಯೋ ಮುಂಚೆ ನಂಗೆ ಓದಿ ಹೇಳಿ" ಎಂದಷ್ಟೇ ಅಂದರು.

ಶಿಡ್ಲಘಟ್ಟದ ಬಸ್ಸು ಬಂತು. ಹಿಂದಿನ ಸೀಟಿನಿಂದ ತಿರುಗಿ ನೋಡಿದೆ. ರತ್ನಮ್ಮನವರು ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರು ತಂದು, ನಾವಿಬ್ಬರೂ ನಿಂತಿದ್ದ ನೆಲಕ್ಕೆ ಸುರಿದು, ಕಸಬರಿಕೆಯಿಂದ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು.