ಬಣ್ಣದ ಕೇರಿಯ ತೊಳೆದ ಕೈಗಳು

ಕೆಂಪಕ್ಕ ಅನ್ನುವುದು ಮೈಬಣ್ಣ ನೋಡಿ ಇಟ್ಟ ಹೆಸರಲ್ಲ. ಮೈ ಎಣ್ಣೆಗಪ್ಪು, ಬೆರಳ ತುದಿಯಿಂದ ಮೊಣಕೈವರೆಗೆ ಮಾತ್ರ ಕೆಂಪು. ಬಣ್ಣದ ಕೇರಿಯಲ್ಲಿ ಒಂದೊಂದು ಮನೆಯವರ ಕೈ ಒಂದೊಂದು ಬಣ್ಣ. ಬಟ್ಟೆ ಅದ್ದುವ ತೊಟ್ಟಿಯಲ್ಲಿ ಏನಿದೆಯೋ ಅದೇ ಚರ್ಮಕ್ಕೂ. ಕೂಸಿನ ಕೆನ್ನೆ ಮೇಲಿನ ಬೆರಳ ಗುರುತು ನೋಡಿದರೆ ಸಾಕು, ಇವತ್ತು ಇದನ್ನು ಯಾರು ಮುದ್ದಾಡಿದರು ಅಂತ ತಾಯಿಗೆ ತಿಳಿಯುತ್ತಿತ್ತು.

ಅಪ್ಪ ಅಮ್ಮ ಬೇಗ ಹೋದರು. ಕಟ್ಟಿಕೊಂಡವನೂ ಜ್ವರ ಬಂದು ಹೋದ. ಉಳಿದವನು ತಮ್ಮ ಒಬ್ಬ. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ ಬೆಳೆದಿದ್ದರೂ ಕೇರಿಗೆಲ್ಲ ಅವನು ಪಾಪುವೇ. ತೊಟ್ಟಿಯಲ್ಲಿ ಇಲಿ ಬಿದ್ದರೆ ಕೋಲು ಕೊಟ್ಟು ಹತ್ತಿಸಿ ಬಿಡುವ ಜೀವ. ಕೆಂಪು ಇಲಿ ಓಡಾಡುತ್ತಿದೆ, ಊರವರು ದೆವ್ವ ಅಂದುಕೊಂಡಾರು ಕಣೋ ಅಂತ ಅಕ್ಕ ಬೈದರೆ ಹಲ್ಲು ಕಿರಿಯುತ್ತಿದ್ದ.

ಊರಿನವರಿಗೆ ಬಣ್ಣದ ಬಟ್ಟೆ ಬೇಕು, ಬಣ್ಣ ಹಾಕಿದ ಕೈ ಬೇಡ. ಕೇರಿಯ ಮುಂದೆ ಹಾದುಹೋಗುವಾಗ ಎಲ್ಲರ ಮೂಗಿಗೂ ಕರವಸ್ತ್ರ. ಅಂಗಡಿಯವನು ಸಾಮಾನನ್ನು ಹಲಗೆಯ ಮೇಲೆ ಇಟ್ಟು ಸರಿದು ನಿಲ್ಲುತ್ತಿದ್ದ, ಕೈಗೆ ಕೊಡುತ್ತಿರಲಿಲ್ಲ. ಕಳುವಾದರೆ ಮೊದಲು ಕೇರಿಗೇ ಪೊಲೀಸು. ಹೀಗಾಗಿ ಕೇರಿಯವರಿಗೆ ಒಂದು ರೂಢಿ ಬಿದ್ದಿತ್ತು. ಮರ್ಯಾದಸ್ಥರ ಮುಂದೆ ಹೋಗುವುದಿದ್ದರೆ, ಸಂಬಂಧ ಕೇಳಲಿಕ್ಕಾಗಲಿ, ಆಸ್ಪತ್ರೆಗಾಗಲಿ, ಮಗುವನ್ನು ಶಾಲೆಗೆ ಸೇರಿಸಲಿಕ್ಕಾಗಲಿ, ಹಿಂದಿನ ದಿನವೇ ಬಟ್ಟೆ ಬೆಳ್ಳಗೆ ಮಾಡುವ ಪುಡಿ ಕಲಸಿದ ನೀರಲ್ಲಿ ಕೈ ನೆನೆಸಿ, ತೆಂಗಿನ ನಾರು ಹಾಕಿ ಉಜ್ಜುವುದು. ಚರ್ಮ ಸುಲಿಯುತ್ತಿತ್ತು. ಉರಿದರೆ ಉರಿಯಲಿ, ನಾಲ್ಕು ಜನರ ಮುಂದೆ ತಲೆ ಎತ್ತಿ ಕೂರಬೇಡವೇ ಅನ್ನುತ್ತಿದ್ದರು.

ಪಾಪುವಿಗೆ ಹುಡುಗಿ ನೋಡಲು ಹೋಗುವ ಹಿಂದಿನ ದಿನ ಕೆಂಪಕ್ಕನೇ ಅವನ ಕೈ ಉಜ್ಜಿದಳು. ಅವತ್ತು ಸಂಜೆ ಅವನು ಎಂದಿನಂತೆ ಬಟ್ಟೆಯ ಗಂಟು ಹೊತ್ತು ಜವಳಿ ಸಾಹುಕಾರನ ಮಳಿಗೆಗೆ ಹಾಕಿ ಬಂದಿದ್ದ. ಬಂದವನನ್ನು ಹಿತ್ತಲಲ್ಲಿ ಕೂರಿಸಿ, ಎರಡೂ ಕೈಯನ್ನು ಬೋಗುಣಿಗೆ ಅದ್ದಿಸಿ, ಅಳುವ ಮಗುವಿಗೆ ಸಮಾಧಾನ ಹೇಳಿದಂತೆ ಹೇಳುತ್ತಾ ಉಜ್ಜಿದಳು. ಅಕ್ಕ, ಮದುವೆಯೇ ಬೇಡ ಬಿಡು ಅಂತ ಅವನು ಒದ್ದಾಡಿದ. ಪಕ್ಕದ ಮನೆಯ ನೀಲಜ್ಜ ಗೋಡೆ ಮೇಲಿಂದ ಇಣುಕಿ, ಈಗಲೇ ಹೀಗೆ ಕಿರುಚಿದರೆ ಹೆಂಡತಿ ಬಂದ ಮೇಲೆ ಏನು ಗತಿ ಅಂತ ನಕ್ಕ.

ಬೆಳಗ್ಗೆ ಇಬ್ಬರೂ ಒಗೆದ ಬಟ್ಟೆ ಹಾಕಿಕೊಂಡು ಹೊರಡುವ ಹೊತ್ತಿಗೆ ಪೊಲೀಸರು ಬಂದರು. ಸಾಹುಕಾರನನ್ನು ಯಾರೋ ಮಳಿಗೆಯಲ್ಲೇ ತಲೆಗೆ ಹೊಡೆದು ಕೊಂದಿದ್ದರು. ಇನ್ಸ್‌ಪೆಕ್ಟರು ಪಾಪುವಿನ ಮುಖ ನೋಡಲಿಲ್ಲ. ಕೈ ಹಿಡಿದು, ಬೆಳಕಿಗೆ ತಿರುಗಿಸಿ, ಬಣ್ಣದವನ ಕೈ ಇಷ್ಟು ಬೆಳ್ಳಗೆ ಹೇಗಪ್ಪಾ ಅಂದ. ಹಗ್ಗಕ್ಕೆ ಹಾಕಿದ್ದ ಹಿಂದಿನ ದಿನದ ಅಂಗಿಯನ್ನೂ ಕಿತ್ತುಕೊಂಡು ಹೋದರು. ಅದರ ತುಂಬ ತೊಟ್ಟಿಯ ಕೆಂಪು.

ಕೋರ್ಟಿನಲ್ಲಿ ನಡೆದದ್ದನ್ನು ವಿಚಾರಣೆ ಅಂತ ಕರೆಯಲು ಕೆಂಪಕ್ಕನ ಬಾಯಿ ಎಂದೂ ಒಪ್ಪಲಿಲ್ಲ. ನೋಡಲು ಊರೇ ಬಂದಿತ್ತು. ಹೆಂಗಸರು ಬೀಸಣಿಗೆ ಬೀಸಿಕೊಳ್ಳುತ್ತಾ ಕಡಲೆಕಾಯಿ ಸುಲಿದು ತಿನ್ನುತ್ತಿದ್ದರು. ಸಿಪ್ಪೆ ಅವಳ ಬರಿಗಾಲಿಗೆ ಚುಚ್ಚುತ್ತಿತ್ತು. ತೀರ್ಪು ಹೇಳಲು ಕೂತ ಪಂಚರೆಲ್ಲ ಸತ್ತ ಸಾಹುಕಾರನ ಜೊತೆ ಕೂತು ಉಂಡವರು. ಒಬ್ಬ ಉಗುರು ಕತ್ತರಿಸಿಕೊಳ್ಳುತ್ತಿದ್ದ, ಇನ್ನೊಬ್ಬನ ಬಾಯಿ ತೆರೆದೇ ಇತ್ತು, ನಿದ್ದೆ. ಕೇರಿಯವರು ಒಳಗೆ ಬಂದಾಗಲೆಲ್ಲ ಜಡ್ಜರು ಕಿಟಕಿ ತೆರೆಸುತ್ತಿದ್ದರು. ಅವರ ಕುರ್ಚಿಯ ಹಿಂದೆ ಕೆಂಪು ಪರದೆ. ಅದನ್ನು ಅದ್ದಿದವನು ಪಾಪು. ಇಳಿಬಿದ್ದ ಅಂಚಿನವರೆಗೂ ಒಂದೇ ಸಮ ಹಿಡಿದ ಬಣ್ಣ. ಕಟಕಟೆಯಲ್ಲಿ ನಿಂತವನು ಅದನ್ನೇ ನೋಡುತ್ತಿದ್ದ.

ಸಾಹುಕಾರನ ಅಳಿಯ ಬಂದು ಸಾಕ್ಷಿ ಹೇಳಿದ. ಕೆನ್ನೆ ಮೇಲೆ ಆಗತಾನೇ ಒಣಗಿದ ಪರಚು ಗಾಯ. ಬೆಕ್ಕು ಪರಚಿತು ಅಂದ. ಪಂಚರು ಅಯ್ಯೋ ಪಾಪ ಅನ್ನುವ ಹಾಗೆ ತಲೆಯಾಡಿಸಿದರು. ಆ ಮನೆಯಲ್ಲಿ ಬೆಕ್ಕು ಇದೆಯೇ ಅಂತ ಕೇಳುವವರು ಒಬ್ಬರೂ ಇರಲಿಲ್ಲ. ಎದುರು ವಕೀಲ ಅಂಗಿಯನ್ನು ಕೋಲಿನ ತುದಿಯಲ್ಲಿ ಎತ್ತಿ ತೋರಿಸಿದ. ಅಂಗಿಯ ಮೇಲೆ ಇದ್ದ ಕೆಂಪು, ರಕ್ತ ಅಂದ. ಕೈಯ ಮೇಲೆ ಇಲ್ಲದ ಕೆಂಪೂ ರಕ್ತವೇ, ತೊಳೆದುಕೊಂಡದ್ದು.

ಪಾಪುವಿಗೆ ಅಂತ ಸರ್ಕಾರ ಕೊಟ್ಟ ವಕೀಲ ಆಕಳಿಸುವುದರಲ್ಲಿ ಗಟ್ಟಿಗ. ಕೆಂಪಕ್ಕ ಅವನ ಹಿಂದೆ ಬಿದ್ದಳು. ಕೈ ತೊಳೆದವಳು ನಾನು, ನನ್ನನ್ನು ಕರೆಯಿರಿ, ಕೇರಿಯ ಹಿರಿಯರನ್ನು ಕರೆಯಿರಿ, ಇದು ನಮ್ಮಲ್ಲಿರುವ ರೂಢಿ ಅಂತ ಎಲ್ಲರೂ ಹೇಳುತ್ತಾರೆ ಅಂತ ಕಾಡಿದಳು. ಕೊನೆಗೆ ಕಾಟ ತಪ್ಪಲಿ ಅಂತ ಒಪ್ಪಿದ.

ಅವತ್ತು ಕೇರಿಯೇ ಕೋರ್ಟಿನ ಅಂಗಳಕ್ಕೆ ಬಂತು. ನೀಲಜ್ಜನನ್ನು ನೋಡಿ ಕೆಂಪಕ್ಕನಿಗೆ ಗುರುತೇ ಸಿಗಲಿಲ್ಲ. ಹುಟ್ಟಿದಾಗಿನಿಂದ ನೀಲಿ ಕೈಯಲ್ಲೇ ನೋಡಿದ ಮುದುಕ. ಈಗ ಆ ಕೈ ಬೇಯಿಸಿದ ಗೆಣಸಿನ ಸಿಪ್ಪೆ ಸುಲಿದ ಹಾಗೆ. ಹಳದಿ ತೊಟ್ಟಿಯ ಚಿಕ್ಕಮ್ಮ, ಹಸಿರಿನ ಮಾವ, ಎಲ್ಲರದೂ ಬಿಳಿ ಕೈ. ಯಾರೂ ಯಾರಿಗೂ ಹೇಳಿರಲಿಲ್ಲ. ಹೋಗುವುದು ಜಡ್ಜರ ಮುಂದೆ. ಊರಲ್ಲಿ ಅದಕ್ಕಿಂತ ದೊಡ್ಡ ಜಾಗ ಯಾವುದಿದೆ? ಕೆಂಪಕ್ಕನೂ ಹಾಗೇ ಉಜ್ಜಿಕೊಂಡು ಬಂದಿದ್ದಳು. ಅವಳ ಎದೆ ಹಗುರಾಯಿತು. ಇದಕ್ಕಿಂತ ಸಾಕ್ಷಿ ಬೇಕೇ?

ಕಟಕಟೆ ಹತ್ತಿ ಅವಳು ಕೈ ಚಾಚಿ ತೋರಿಸಿದಳು. ಹಿಂದೆ ನಿಂತವರೂ ಒಬ್ಬೊಬ್ಬರಾಗಿ ಕೈ ಎತ್ತಿದರು. ಎಷ್ಟೋ ಕೈಗಳಲ್ಲಿ ಹಸಿ ಚರ್ಮ ಕಾಣುತ್ತಿತ್ತು.

"ಸ್ವಾಮಿ, ಇದು ನಿಮ್ಮ ಮರ್ಯಾದೆಗೆ ತೊಳೆದಿದ್ದು. ನನ್ನ ತಮ್ಮನದು ಹುಡುಗಿ ಮನೆಯವರ ಮರ್ಯಾದೆಗೆ. ಬೇರೆ ಏನೂ ಇಲ್ಲ."

ಒಂದು ಗಳಿಗೆ ಕಡಲೆಕಾಯಿ ಸುಲಿಯುವ ಸದ್ದೂ ನಿಂತಿತು. ನಿದ್ದೆಯ ಪಂಚನೂ ಕಣ್ಣು ಬಿಟ್ಟ. ಆಗ ಎದುರು ವಕೀಲ ಎದ್ದ. ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದನ್ನು ನಾಲಿಗೆಯಿಂದ ತೆಗೆದುಕೊಂಡು ನಕ್ಕ.

"ನೋಡಿದಿರಾ ಮಹಾಸ್ವಾಮಿ? ಒಬ್ಬ ಕೊಲೆಗಾರನನ್ನು ಉಳಿಸೋಕೆ ಇಡೀ ಕೇರಿ ಒಟ್ಟಿಗೆ ಕೂತು ಕೈ ತೊಳೆದು ಬಂದಿದೆ. ಈ ಜನ ಎಂಥವರು ಅಂತ ನಾನು ಬೇರೆ ಹೇಳಬೇಕಾ?"

ಜನ ಹೋ ಅಂತ ನಕ್ಕಿತು. ಪಂಚರೂ ನಕ್ಕರು. ಜಡ್ಜರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಆಯಿತು ಇಳಿಸಿ ಅಂದರು. ನೀಲಜ್ಜ ಎತ್ತಿದ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಕೆಂಪಕ್ಕನಿಗೆ ಅಳು ಬರಲಿಲ್ಲ. ಬಿಳಿ ಕಾಲರು, ಕಡಲೆಕಾಯಿ ಅಂಟಿದ ತುಟಿ, ಕತ್ತರಿಸಿ ಬಿದ್ದ ಉಗುರು, ಇವರ ಮುಂದೆ ಕೂರಲಿಕ್ಕೆಂದೇ ನಾವು ತಲೆತಲಾಂತರದಿಂದ ಚರ್ಮ ಸುಲಿದುಕೊಂಡೆವೇ ಅನ್ನಿಸಿತು. ಅಂಗಳಕ್ಕೆ ಬಂದು ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಬಾಗಿಲಲ್ಲಿ ನಿಂತ ಜವಾನ, ಬಳಿದು ಹೋಗು ಅಂದ. ಬಳಿಯಲಿಲ್ಲ, ಬಂದಳು.

ಗಲ್ಲು ಅಂತ ತೀರ್ಪಾಯಿತು.

ಕಡೆಯ ಸಲ ನೋಡಲು ಹೋದಾಗ ಪಾಪು ಕಂಬಿಯ ಆಚೆ ಕೂತಿದ್ದ. ತಿಂಗಳುಗಟ್ಟಲೆ ಬಣ್ಣ ಮುಟ್ಟದ ಕೈ, ಯಾರದೋ ಕೈ ತಂದು ಅಂಟಿಸಿದಂತಿತ್ತು. ಏನಾದರೂ ಬೇಕೇನೋ ಅಂತ ಕೇಳಿದಳು. ಬೇಡ ಅಂದ. ಆಮೇಲೆ ಅವನೇ ಕೇಳಿದ:

"ಅಕ್ಕ, ಅವತ್ತು ಹುಡುಗಿ ಮನೆಗೆ ಹೇಳಿ ಕಳಿಸಿದ್ಯಾ? ಪಾಪ, ಕಾಯ್ತಾ ಕೂತಿರ್ತಾರೆ."

ಕಳಿಸಿದ್ದೆ ಅಂದಳು. ಕಳಿಸಿರಲಿಲ್ಲ.

ಅಲ್ಲಿಂದ ಮುಂದೆ ಅವಳು ಯಾರ ಮನೆಗೆ ಹೋದರೂ, ಎಂಥ ದೊಡ್ಡವರ ಮುಂದೆ ನಿಂತರೂ ಕೈಗೆ ಪುಡಿ ಮುಟ್ಟಿಸಲಿಲ್ಲ. ಅಂಗಡಿಯವನು ಸಾಮಾನು ಹಲಗೆ ಮೇಲಿಟ್ಟರೆ ಕೈ ಚಾಚಿಕೊಂಡು ಅಲ್ಲೇ ನಿಲ್ಲುತ್ತಿದ್ದಳು, ಕೈಗೆ ಕೊಡುವವರೆಗೆ. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ. ನೋಡನೋಡುತ್ತಾ ಕೇರಿಯವರೆಲ್ಲ ಹಾಗೇ ಆದರು. ನೀಲಜ್ಜ ಸತ್ತಾಗ ಅವನ ಕೈ ಕಡುನೀಲಿ.

ಕೆಂಪಕ್ಕನ ತಲೆ ಪೂರಾ ನರೆತ ಮೇಲೆ, ಸಾಹುಕಾರನ ಅಳಿಯ ಹಾಸಿಗೆ ಹಿಡಿದ. ಸಾಯುವ ಮುಂಚೆ ಬಾಯಿಬಿಟ್ಟ. ಮಾವನನ್ನು ಕೊಂದವನು ನಾನೇ ಅಂದ. ಬೆಕ್ಕು ಇರಲಿಲ್ಲ ಅಂತಲೂ ಹೇಳಿದನಂತೆ.

ಊರಿಗೆ ಒಮ್ಮೆಲೇ ಕರುಳು ಬಂತು. ಕೇರಿಗೆ ಕಾರುಗಳು ಬಂದವು. ಮುಂದೆ ಅದೇ ಎದುರು ವಕೀಲ, ಈಗ ಕೋಲೂರಿಕೊಂಡು, ಬೆಳ್ಳಗೆ ಇಸ್ತ್ರಿ ಮಾಡಿದ ಅಂಗಿ. ಹಿಂದೆ ಹಾರ ಹಿಡಿದವರು, ಫೋಟೋದವರು. ಪಾಪುವಿನ ಹೆಸರಲ್ಲಿ ಕೋರ್ಟಿನ ಮುಂದೆ ಒಂದು ಕಲ್ಲು ನಿಲ್ಲಿಸುತ್ತೇವೆ, ಅವತ್ತು ಕಾಲ ಹಾಗಿತ್ತು, ಎಲ್ಲರಿಂದಲೂ ತಪ್ಪಾಯಿತು ಅಂದ. ಎಲ್ಲರಿಂದಲೂ ಅನ್ನುವಾಗ ಕೋಲನ್ನು ಕೇರಿಯ ಕಡೆಗೂ ಒಮ್ಮೆ ತಿರುಗಿಸಿದ. ಕರವಸ್ತ್ರ ಮಾತ್ರ ಅವನ ಮುಷ್ಟಿಯಲ್ಲೇ ಇತ್ತು, ಮೂಗಿನ ಹತ್ತಿರ ಹೋಗುವುದು, ನೆನಪಾಗಿ ಇಳಿಯುವುದು.

ಕೆಂಪಕ್ಕ ತೊಟ್ಟಿಗೆ ಬಗ್ಗಿದವಳು ನೆಟ್ಟಗಾದಳು. ಫೋಟೋದವನು, ಕೈ ಹಿಡ್ಕೊಳ್ಳಿ ಸಾರ್, ಚೆನ್ನಾಗಿ ಬರತ್ತೆ ಅಂದ. ವಕೀಲ ಕೈ ಚಾಚಿದ. ಬಣ್ಣ ತೊಟ್ಟಿಕ್ಕುವ ಕೈಯಿಂದ ಅವಳು ಅದನ್ನು ಹಿಡಿದಳು. ಫೋಟೋ ತೆಗೆದಾಯಿತು, ಬಿಡಲಿಲ್ಲ. ಅವನು ಎಳೆದುಕೊಂಡ, ಬಿಡಲಿಲ್ಲ. ಕೆಂಪು ಅವನ ಅಂಗಿಯ ತೋಳಿನೊಳಕ್ಕೆ ಇಳಿಯಿತು. ಆಮೇಲೆ ಬಿಟ್ಟಳು. ಅವನು ಅಂಗೈ ಅಗಲಿಸಿ ನೋಡಿಕೊಂಡು ನೀರು ಹುಡುಕುತ್ತಾ ಸುತ್ತ ನೋಡಿದ.

"ಬರೀ ನೀರಿಗೆ ಹೋಗಲ್ಲ ಸ್ವಾಮಿ," ಅಂದಳು. "ಪುಡಿ ಕೊಡ್ತೀನಿ, ನೆನೆಸಿ ಉಜ್ಜಿ. ಆದರೆ ಬೆಳ್ಳಗಾದ ಮೇಲೆ ಯಾರಿಗೂ ತೋರಿಸಬೇಡಿ. ಕೊಲೆ ಮಾಡಿ ತೊಳ್ಕೊಂಡಿದಾರೆ ಅಂತಾರೆ."

ಹಾರವನ್ನು ಅವರು ಜಗುಲಿಯ ಮೇಲೆ ಇಟ್ಟು ಹೋದರು. ಮಧ್ಯಾಹ್ನದೊಳಗೆ ಅದನ್ನು ಮೇಕೆ ತಿಂದಿತು.

ಕಾರಿನ ಧೂಳು ಇಳಿದ ಮೇಲೂ ಕೆಂಪಕ್ಕ ಬಲಗೈಯನ್ನು ಮೈಗೆ ತಾಗಿಸದೆ ದೂರ ಹಿಡಿದುಕೊಂಡೇ ನಿಂತಿದ್ದಳು. ಅವನ ಅಂಗೈಯ ಮೆತ್ತನೆಯ ಬೆವರು ಅದಕ್ಕೆ ಅಂಟಿತ್ತು. ಒಳಗೆ ಹೋಗಿ, ಪಾಪು ಹೋದಾಗಿನಿಂದ ಕೈಗೆ ಮುಟ್ಟಿಸಿರದ ಪುಡಿಯನ್ನು ಒಂದು ಹಿಡಿ ತೆಗೆದು, ಅವನು ಮುಟ್ಟಿದ ಜಾಗವನ್ನಷ್ಟೇ ಉಜ್ಜಿದಳು. ಚರ್ಮ ಉರಿಯಿತು. ಉರಿದರೆ ಉರಿಯಲಿ ಅಂತ ಇನ್ನಷ್ಟು ಉಜ್ಜಿ, ಆಮೇಲೆ ಹೋಗಿ ಕೈಯನ್ನು ಮೊಣಕೈವರೆಗೂ ತೊಟ್ಟಿಗೆ ಅದ್ದಿ, ತಳದಲ್ಲಿ ನೆನೆಯುತ್ತಿದ್ದ ಬಟ್ಟೆಯನ್ನು ತಿರುವಿ ಹಾಕಿದಳು.