ನೀಲಿ ಮುಖದ ದಂತರಾಯರು

ಆ ಬೀದಿಯ ಅರ್ಧಕ್ಕರ್ಧ ನಗು ತಯಾರಾಗುತ್ತಿದ್ದದ್ದು ಒಂದೇ ಕೋಣೆಯಲ್ಲಿ, ದಂತರಾಯರ ಕಾರ್ಯಾಗಾರದಲ್ಲಿ. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ನೆಟ್ಟು, ಕೊನೆಗೆ ಮೋಟಾರಿನ ಚಕ್ರಕ್ಕೆ ಹಿಡಿದು ಉಜ್ಜಿ ಮಿರುಗಿಸಿ, ಬೊಚ್ಚುಬಾಯಿಗಳಿಗೆ ಮತ್ತೆ ಕಡಿಯುವ ಅಧಿಕಾರ ದಯಪಾಲಿಸುತ್ತಿದ್ದ ಮಹಾನುಭಾವರು ಅವರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಈಗ ಕರೆಂಟ್ ಬಿಲ್ಲಿಗೆ ಮಾತ್ರ ಗೊತ್ತು.

ಹಲ್ಲು ಮಾಡುವುದರಲ್ಲಿ ಹೇಗೋ ಹಲ್ಲು ಬಿಡುವುದರಲ್ಲೂ ಅವರದು ಎತ್ತಿದ ಕೈ. ಶನಿವಾರ ಸಂಜೆ ಅವರ ಮನೆಯ ತಾರಸಿಯಲ್ಲಿ ಸಭೆ ಸೇರುತ್ತಿತ್ತು: ಹೆಂಡತಿ, ಹೆಂಡತಿಯ ಅಕ್ಕ, ಅಂದರೆ ಅತ್ತಿಗೆ, ಅವಳ ಗಂಡನಾದ ಷಡ್ಡಕ, ಮತ್ತೆ ಚಿತ್ರ ಬರೆಯುವ ನಾದಿನಿ. ಮಡಚುವ ಕುರ್ಚಿಗಳು, ಕಾಲು ಅಲುಗಾಡುವ ಒಂದು ಮೇಜು, ತಂತಿಗೆ ನೇತುಹಾಕಿದ ಒಂದು ದೀಪ, ಫ್ಲಾಸ್ಕಿನಲ್ಲಿ ಚಹಾ. ವಿಮೆ ಮಾರುವ ಷಡ್ಡಕ ಈ ಸಭೆಯ ಆಸ್ಥಾನ ವಿದೂಷಕ. ಅವನೊಂದು ಜೋಕು ಸಿಡಿಸಿದರೆ ಸಾಕು, ದಂತರಾಯರು ಎಲ್ಲರಿಗಿಂತ ಒಂದು ಕ್ಷಣ ತಡವಾಗಿ, ಆದರೆ ಎಲ್ಲರಿಗಿಂತ ಜೋರಾಗಿ ನಕ್ಕು, ಮೇಜು ಗುದ್ದಿ, ಕಣ್ಣೊರೆಸಿಕೊಳ್ಳುತ್ತಿದ್ದರು.

"ನನ್ನ ಜೋಕಿನ ಬೆಲೆ ಗೊತ್ತಿರೋದು ಇವನೊಬ್ಬನಿಗೇ!" ಎಂದು ಷಡ್ಡಕ ಉಬ್ಬಿಹೋಗುತ್ತಿದ್ದ.

ಈ ಸುಖಸಂಸಾರದಲ್ಲಿ ಒಂದೇ ಒಂದು ಸಣ್ಣ ಕೊರತೆ. ದಂತರಾಯರಿಗೆ ಆ ಜೋಕುಗಳಲ್ಲಿ ಒಂದೂ ಕೇಳಿಸುತ್ತಿರಲಿಲ್ಲ.

ಹಲ್ಲಿಗೆ ಮಿರುಗು ಕೊಡುತ್ತಿದ್ದ ಮೋಟಾರು ವರ್ಷಗಟ್ಟಲೆ ಕಿರುಚಿ ಕಿರುಚಿ ಅವರ ಕಿವಿಯನ್ನು ಇಷ್ಟಿಷ್ಟೇ ಮೇಯ್ದುಬಿಟ್ಟಿತ್ತು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುವುದನ್ನು ಅವರು ಗುಟ್ಟಾಗಿ ಕಲಿತಿದ್ದರು. ಜನಕ್ಕೆ ಅನುಮಾನವೇ ಇಲ್ಲ. "ಕಸುಬಿನ ಚಟ ನೋಡು, ಹಲ್ಲನ್ನೇ ದಿಟ್ಟಿಸ್ತಾನೆ," ಎಂದು ನಕ್ಕು ಸುಮ್ಮನಾಗುತ್ತಿದ್ದರು. ಷಡ್ಡಕನೊಬ್ಬನದೇ ತೊಂದರೆ: ಅವನ ಪೊದೆಮೀಸೆ ಬಾಯಿಗೆ ಪರದೆ ಎಳೆದಿತ್ತು. ಅವನು ಮಾತಾಡಿದಾಗ ಉಳಿದವರ ಮುಖ ನೋಡಿಕೊಂಡು ನಗಬೇಕು.

ಹೇಳಿಬಿಡಬಹುದಿತ್ತಲ್ಲ? ಹೇಳಬಹುದಿತ್ತು, ದೊಡ್ಡಪ್ಪನ ಗತಿ ಕಣ್ಣಾರೆ ನೋಡಿರದಿದ್ದರೆ. ದೊಡ್ಡಪ್ಪನಿಗೆ ಕಿವಿ ಮಂದವಾದ ದಿನವೇ ಮನೆಯವರು ಮೂಲೆಯಲ್ಲೊಂದು ಕುರ್ಚಿ ಹಾಕಿ, ಕೈಗೊಂದು ಪೇಪರ್ ಕೊಟ್ಟು ಕೂರಿಸಿದ್ದರು. ಆಮೇಲೆ ಆ ಮನುಷ್ಯನಿಗೆ ಯಾರೂ ಒಂದು ಚಾಡಿಯನ್ನೂ ಹೇಳಲಿಲ್ಲ. ಚಾಡಿಯಿಲ್ಲದ ಬಾಳು ಬಾಳೇ? ಆ ಮೂಲೆ, ಆ ಪೇಪರು ನೆನೆದು ದಂತರಾಯರು ಗುಟ್ಟನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದರು.

ಹೀಗಿರುವಾಗ ಒಂದು ಶನಿವಾರ ನಾದಿನಿ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಚಿತ್ರವೊಂದನ್ನು ಹೊತ್ತು ತಾರಸಿ ಹತ್ತಿದಳು. "ನಮ್ಮದೇ ಸಂಜೆ ಬರೆದಿದೀನಿ. ಮೊದಲು ನೋಡಿ, ಆಮೇಲೆ ಬೈಯಿರಿ," ಎಂದು ಗೋಡೆಗೆ ಒರಗಿಸಿ ಮುಸುಕು ತೆಗೆದಳು.

ಆಧುನಿಕ ಚಿತ್ರ. ಕಣ್ಣಿಲ್ಲ, ಮೂಗಿಲ್ಲ, ಬಣ್ಣವೇ ಎಲ್ಲ. ದೀಪದಿಂದ ಸುರಿದ ಕಿತ್ತಳೆ ಮೇಜಿನ ಮೇಲೆಲ್ಲ ಚೆಲ್ಲಿ, ಒಬ್ಬರಿಂದ ಒಬ್ಬರಿಗೆ ಹತ್ತಿಕೊಳ್ಳುತ್ತಾ ಹೋಗಿತ್ತು. ಷಡ್ಡಕ ಕೆಂಡದಂತೆ ಕೆಂಪು, ಅತ್ತಿಗೆ ಗುಲಾಬಿ, ಹೆಂಡತಿ ಬೆಚ್ಚನೆಯ ಹಳದಿ. ತುದಿಯ ಕುರ್ಚಿಯ ಹತ್ತಿರ ಬಂದದ್ದೇ ಕಿತ್ತಳೆ ಗಕ್ಕನೆ ನಿಂತಿತ್ತು. ಅಲ್ಲಿದ್ದವನು ಕಡುನೀಲಿ. ತೆರೆದ ಬಾಯಿಯೊಂದೇ ಬೆಳ್ಳಗಿತ್ತು.

"ನನ್ನ ಮೂಗೆಲ್ಲೇ?" ಎಂದಳು ಅತ್ತಿಗೆ.

"ಕಂಡವರ ವಿಷಯಕ್ಕೆಲ್ಲ ತೂರಿಸಿ ತೂರಿಸಿ ಸವೆದಿರಬೇಕು," ಎಂದ ಷಡ್ಡಕ. "ಅದಿರಲಿ, ಈ ನೀಲಿ ಆಸಾಮಿ ಯಾರು? ಶಾಯಿ ಕುಡಿದಿದಾನಾ?"

"ಚಿಕ್ಕ ಭಾವ," ಎಂದು ನಾದಿನಿ ನೀಲಿಯ ಕಡೆ ಬೆರಳು ತೋರಿಸಿದಳು.

ಅವಳ ತುಟಿಯಲ್ಲಿ ಅದನ್ನು ಓದಿದ ದಂತರಾಯರು ಕುರ್ಚಿಯಿಂದ ಎದ್ದೇಬಿಟ್ಟರು. "ನಾನಾ? ಇಡೀ ಬೀದಿಗೆ ನನ್ನಷ್ಟು ನಗೋನು ಇನ್ನೊಬ್ಬನಿಲ್ಲ! ಕಿತ್ತಳೆ ಹಚ್ಚು ತಾಯಿ."

"ಹಚ್ಚಿದೆ ಭಾವ, ಮತ್ತೆ ಮತ್ತೆ ಹಚ್ಚಿದೆ. ಕೂರಲೇ ಇಲ್ಲ. ನೀವು ನಗ್ತೀರಿ, ಆದ್ರೆ ಆ ನಗು ಪಕ್ಕದವರ ಮುಖದಿಂದ ಎರವಲು ತಂದ ಹಾಗಿರುತ್ತೆ. ಯಾಕೋ ನನಗೂ ಗೊತ್ತಿಲ್ಲ. ಕೈ ನೀಲಿಗೇ ಹೋಯ್ತು."

"ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿಯಂತೆ. ನಿನ್ನ ಕಣ್ಣಿಗೆ ನಾನೊಬ್ಬ ನೀಲಿ!"

ಈ ಕಳಂಕವನ್ನು ಅವತ್ತೇ ತೊಳೆಯುವುದೆಂದು ವೀರಪ್ರತಿಜ್ಞೆ ಮಾಡಿ ದಂತರಾಯರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಷಡ್ಡಕ ಕೆಮ್ಮಿದರೂ ನಕ್ಕರು. ಅವನು ಚಹಾ ಕೇಳಿದರೂ ನಕ್ಕರು. ವಿಜಯ ಇನ್ನೇನು ಕೈಗೆ ಬಂತು ಅನ್ನುವಾಗ ಕರೆಂಟು ಹೋಯಿತು.

ಕತ್ತಲಲ್ಲಿ ತುಟಿ ಎಲ್ಲಿ, ಮುಖ ಎಲ್ಲಿ? ಸುಮ್ಮನಿದ್ದರೆ ನೀಲಿ ಖಾಯಂ. ಎದುರುಗಡೆ ಯಾರೋ ಮಾತಾಡುತ್ತಿದ್ದಾರೆ ಅನ್ನುವಷ್ಟು ಗೊಣಗೊಣ ಕಿವಿಗೆ ಬಿತ್ತು. ಷಡ್ಡಕನೇ ಇರಬೇಕು. ಗೊಣಗೊಣ ನಿಂತಿತು. ಜೋಕು ಮುಗಿಯಿತೆಂದು ದಂತರಾಯರು ಮೇಜು ಗುದ್ದಿ, ಲೋಟ ಉರುಳಿಸಿ, ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಕರೆಂಟು ಬಂತು. ಅವರ ಹೊರತು ಯಾರೂ ನಗುತ್ತಿರಲಿಲ್ಲ. ಅತ್ತಿಗೆಯ ಕಣ್ಣು ತುಂಬಿತ್ತು.

"ಮಂಡಿ ಆಪರೇಷನ್ ಅಂದ್ರೆ ಭಯ ಆಗುತ್ತೆ, ಯಾರಿಗೂ ಹೇಳಿರ್ಲಿಲ್ಲ ಅಂದೆ," ಎಂದಳು ಅತ್ತಿಗೆ. "ಅದಕ್ಕೆ ಇಷ್ಟು ನಗುವಾ?"

ನಾದಿನಿ ಚಿತ್ರ ನೋಡಿದಳು, ಭಾವನನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು. ದಂತರಾಯರು ಲೆಕ್ಕ ಹಾಕಿದರು. ಮೂಲೆ ಕುರ್ಚಿಯೋ, ಕಟುಕನೆಂಬ ಬಿರುದೋ? ಎರಡರಲ್ಲಿ ಒಂದು ಆರಿಸಿಕೊಳ್ಳಬೇಕು.

"ಅತ್ತಿಗೆ, ನನಗೆ ಕೇಳಿಸಲಿಲ್ಲ," ಎಂದರು. "ಕೇಳಿಸೋದೇ ಇಲ್ಲ. ವರ್ಷಗಳಾಯ್ತು."

"ನಿದ್ದೇಲಿ ಕರೆದ್ರೂ ಏಳಲ್ವಲ್ಲ, ಸೋಮಾರಿ ಅಂದ್ಕೊಂಡಿದ್ದೆ," ಎಂದು ಹೆಂಡತಿ ಹಣೆ ಚಚ್ಚಿಕೊಂಡಳು.

ಆದರೆ ಎಲ್ಲರಿಗಿಂತ ದೊಡ್ಡ ಪೆಟ್ಟು ಬಿದ್ದದ್ದು ಷಡ್ಡಕನಿಗೆ. ಅವನ ಮೀಸೆ ಜೋತುಬಿತ್ತು. "ಹಾಗಾದ್ರೆ... ನನ್ನ ಜೋಕು?"

"ಒಂದೂ ಇಲ್ಲ ಮಾರಾಯ," ಎಂದರು ದಂತರಾಯರು, ಅವನ ಮುಖ ನೋಡಿಯೇ ಪ್ರಶ್ನೆ ಊಹಿಸಿ.

ಅತ್ತಿಗೆ ಎದ್ದಳು. ಮೇಜಿನ ಮೇಲಿದ್ದ ಪೇಪರ್ ಕೈಗೆ ತಗೊಂಡಳು. ಬಂತಪ್ಪ ದೊಡ್ಡಪ್ಪನ ಕಾಲ, ಎಂದು ದಂತರಾಯರು ಕಣ್ಣು ಮುಚ್ಚಿದರು. ಅತ್ತಿಗೆ ಆ ಪೇಪರನ್ನು ಬಿಗಿಯಾಗಿ ಸುರುಳಿ ಸುತ್ತಿ, ಅವರ ನೆತ್ತಿಯ ಮೇಲೆ ಫಟಾರೆಂದು ಒಂದು ಬಾರಿಸಿ, ಅದನ್ನೇ ಕಹಳೆಯಂತೆ ಅವರ ಕಿವಿಗಿಟ್ಟು ಕೂಗಿದಳು: "ಮೊದಲೇ ಹೇಳಕ್ಕೆ ಏನಾಗಿತ್ತು ನಿನಗೆ? ಕುರ್ಚಿ ಎಳ್ಕೊಂಡು ಮುಂದೆ ಬಾ!"

ಕುರ್ಚಿ ದೀಪದ ಕೆಳಗೇ ಬಂತು. ಅತ್ತಿಗೆ ಮಂಡಿಯ ಕಥೆಯನ್ನು ಮೊದಲಿಂದ ಹೇಳಿದಳು. ದಂತರಾಯರು ಅವಳ ತುಟಿಯಿಂದ ಕಣ್ಣು ಕೀಳದೆ ಕೇಳಿದರು.

ಕಿವಿಗೆ ಯಂತ್ರ ಬಂದ ಮೊದಲ ಶನಿವಾರ ಷಡ್ಡಕ ಮೀಸೆ ಕತ್ತರಿಸಿಕೊಂಡು, ತನ್ನ ಅತ್ಯುತ್ತಮ ಜೋಕನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ. ಎಲ್ಲರೂ ದಂತರಾಯರನ್ನೇ ನೋಡಿದರು. ಅವರು ನಗಲಿಲ್ಲ.

"ಯಾಕೋ? ಯಂತ್ರ ಸರಿಯಿಲ್ವಾ?"

"ಯಂತ್ರ ಸರಿಯಾಗೇ ಇದೆ," ಎಂದರು ದಂತರಾಯರು ಮರುಕದಿಂದ. "ಇಷ್ಟು ವರ್ಷ ನಾನು ನಕ್ಕಿದ್ದು ಇದಕ್ಕಾ?"

ಷಡ್ಡಕನ ಬೋಳು ಮುಖ ಸುಟ್ಟ ಬದನೆಯಂತಾಯಿತು. ಅದನ್ನು ನೋಡಿ ದಂತರಾಯರಿಗೆ ಹೊಟ್ಟೆಯಿಂದಲೇ ನಗು ಉಕ್ಕಿತು. ಈ ಸಲ ಅವರೇ ಮೊದಲು, ಉಳಿದವರೆಲ್ಲ ಹಿಂದೆ. ನಾದಿನಿ ಆಗಲೇ ಬಣ್ಣದ ಡಬ್ಬಿ ತೆರೆದಿದ್ದಳು.

"ಭಾವ, ಈಗ ಕಿತ್ತಳೆ ಕೂರುತ್ತೆ. ಹಚ್ಚಲಾ?"

"ಹಚ್ಚು," ಎಂದರು ದಂತರಾಯರು ಕಣ್ಣೊರೆಸಿಕೊಳ್ಳುತ್ತ. "ನನ್ನಿಂದ ತೆಗೆದ ನೀಲಿ ಇದೆಯಲ್ಲ, ಅದನ್ನ ಬಿಸಾಡಬೇಡ. ದೊಡ್ಡ ಭಾವನಿಗೆ ಬಳಿ."